ಊರ ಕಲ್ಲು, ಮನೆಯ ನೀರು

ಇಳಕಲ್ಲಿನ ಕೆಂಪು ಗ್ರಾನೈಟ್ ಕಡಲಾಚೆಗೂ ಹೆಸರು ಮಾಡಿದೆ. ಬಾದಾಮಿಯ ಮರಳುಗಲ್ಲಿನ ಬೆಟ್ಟದಲ್ಲಿ ಚಾಲುಕ್ಯರು ಗುಹಾಲಯ ಕೊರೆದರು. ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲು ಸಿಮೆಂಟಾಗಿ ಚೀಲ ಸೇರುತ್ತದೆ. ಒಂದೇ ಜಿಲ್ಲೆಯಲ್ಲಿ, ಬಸ್ಸಿನಲ್ಲಿ ಒಂದು ಹೊತ್ತಿನೊಳಗೆ ದಾಟಬಹುದಾದ ದೂರದಲ್ಲಿ, ಮೂರು ಬಗೆಯ ಕಲ್ಲುಗಳಿವೆ. ಬೋರ್ ಕೊರೆದಾಗ ಮೇಲೆ ಬರುವ ನೀರು ಈ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿದ್ದ ನೀರು. ಕಲ್ಲಿನಲ್ಲಿ ಕರಗುವಂಥದ್ದು ಏನಿದೆಯೋ ಅದು ನೀರಿಗೆ ಇಳಿದಿರುತ್ತದೆ. ಹಾಗಾಗಿ ಇಳಕಲ್ಲಿನ ಮನೆಗೆ ಹೊಂದುವ ಫಿಲ್ಟರ್ ಬಾದಾಮಿಯ ಮನೆಗೆ ಹೊಂದಬೇಕೆಂದಿಲ್ಲ. ಅಂಗಡಿಯವರು ಮಾತ್ರ ಮೂರೂ ಊರಿಗೆ ಒಂದೇ ಯಂತ್ರ ಮಾರುತ್ತಾರೆ. ನೀರು ಎಂಥದ್ದೆಂದು ತಿಳಿಯದೆ ಹಣ ಸುರಿಯುವ ಮನೆಗಳನ್ನು ನೋಡಿ ನನಗೆ ಬಹಳ ಸಂಕಟವಾಗುತ್ತದೆ. ಈ ಲೇಖನ ಅವರಿಗಾಗಿ.

ಮೊದಲು ನಳದ ಮಾತು. ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಆಲಮಟ್ಟಿಯ ಹಿನ್ನೀರು ಹಳೆಯ ಪೇಟೆಯ ಒಂದು ಭಾಗವನ್ನೇ ನುಂಗಿದ್ದರಿಂದ ಜನ ನವನಗರಕ್ಕೆ ಬಂದರು. ಬಾದಾಮಿಗೆ ಮಲಪ್ರಭೆ ಹತ್ತಿರ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಇಷ್ಟೆಲ್ಲ ಹೊಳೆ ಇರುವ ಜಿಲ್ಲೆಯಲ್ಲಿ ನಳದಲ್ಲಿ ಹೊಳಿ ನೀರೇ ಬರಬೇಕಲ್ಲ ಎನಿಸುತ್ತದೆ. ಬರುತ್ತದೆ, ಆದರೆ ಎಲ್ಲ ಕಾಲಕ್ಕೂ, ಎಲ್ಲ ಓಣಿಗೂ ಅಲ್ಲ. ಬೇಸಿಗೆಯಲ್ಲಿ, ಪೈಪು ಒಡೆದಾಗ, ಕರೆಂಟ್ ಕೈಕೊಟ್ಟಾಗ, ಹೊಸ ಬಡಾವಣೆಗೆ ಲೈನ್ ಇನ್ನೂ ತಲುಪದಿದ್ದಾಗ ಬೋರಿನ ನೀರು ಆ ಜಾಗ ತುಂಬುತ್ತದೆ. ಒಂದೇ ಓವರ್‌ಹೆಡ್ ಟ್ಯಾಂಕಿಗೆ ಎರಡೂ ನೀರು ಏರಿಸುವ ಊರುಗಳಿವೆ. ಅಂಥಲ್ಲಿ ಈ ವಾರ ನಳದಲ್ಲಿ ಬಂದದ್ದು ಹೊಳಿ ನೀರು, ಮುಂದಿನ ವಾರದ್ದು ಬೋರಿನದು. ನಿಮ್ಮ ಟ್ಯಾಂಕಿಗೆ ಎಲ್ಲಿಂದ ನೀರು ಏರುತ್ತದೆ ಎಂದು ಪುರಸಭೆಯ ನೀರು ಬಿಡುವವರನ್ನು ಕೇಳಿ. ಅವರಿಗಿಂತ ಚೆನ್ನಾಗಿ ಬಲ್ಲವರು ಬೇರೆ ಇಲ್ಲ.

ಈ ಎರಡು ನೀರಿನ ದೋಷಗಳು ಬೇರೆ ಬೇರೆ. ಹೊಳಿ ನೀರಿನಲ್ಲಿ ಮಣ್ಣು ಮತ್ತು ರೋಗಾಣು. ಬೋರಿನ ನೀರಿನಲ್ಲಿ ಕರಗಿದ ಲವಣ. ಮಣ್ಣು ಕಣ್ಣಿಗೆ ಕಾಣುತ್ತದೆ, ರೋಗಾಣು ನಾಲ್ಕು ದಿನದಲ್ಲಿ ಹೊಟ್ಟೆ ಕೆಡಿಸಿ ತನ್ನ ಸುಳಿವು ಕೊಡುತ್ತದೆ. ಕರಗಿದ ಲವಣ ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಹಲ್ಲಿನಲ್ಲಿ, ಮೊಣಕಾಲಿನಲ್ಲಿ ತೋರಬಹುದು.

ಹೊಳಿ ನೀರನ್ನು ಶುದ್ಧೀಕರಣ ಘಟಕದಲ್ಲಿ ಹೀಗೆ ಸಿದ್ಧ ಮಾಡುತ್ತಾರೆ. ನೀರಿಗೆ ಪಟಕ ಬೆರೆಸುತ್ತಾರೆ. ನೀರಿನಲ್ಲಿ ತೇಲುವ ಸಣ್ಣ ಮಣ್ಣಿನ ಕಣಗಳಿಗೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಲೇ ಇರುತ್ತವೆ. ಪಟಕದ ಅಲ್ಯೂಮಿನಿಯಂ ಆ ಅಂಶವನ್ನು ಶಮನ ಮಾಡಿದಾಗ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕಿಳಿಯುತ್ತವೆ. ಉಳಿದ ನೀರು ಮರಳಿನ ಹಾಸಿನಲ್ಲಿ ಸೋಸಿ ಬರುತ್ತದೆ. ಕೊನೆಗೆ ಕ್ಲೋರಿನ್. ಭಾರತೀಯ ಮಾನಕ ಐಎಸ್ 10500ರ (2012) ಪ್ರಕಾರ ಮನೆಯ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು; 100 ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಎಂಬ ಮಲದ ಬ್ಯಾಕ್ಟೀರಿಯಾ ಒಂದೂ ಇರಕೂಡದು. ನಳದ ನೀರು ಔಷಧದ ವಾಸನೆ ಹೊಡೆಯುತ್ತದೆ ಎಂದು ಬೇಸರಪಡುವವರಿದ್ದಾರೆ. ಆ ವಾಸನೆ ಪೈಪಿನುದ್ದಕ್ಕೂ ನೀರಿಗೆ ಇದ್ದ ಕಾವಲಿನ ಗುರುತು. ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ಕೆಲ ತಾಸು ಇಟ್ಟರೆ ಹೋಗುತ್ತದೆ.

ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ದಿನಬಿಟ್ಟು ದಿನ, ಕೆಲವೊಮ್ಮೆ ಹಲವು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಪೈಪು ಖಾಲಿ ಇರುತ್ತದೆ. ನೀರು ತುಂಬಿ ಒತ್ತಡದಲ್ಲಿದ್ದರೆ ಬಿರುಕಿನಿಂದ ನೀರು ಹೊರಗೆ ಜಿನುಗುತ್ತದೆ. ಖಾಲಿ ಇದ್ದರೆ ಪಕ್ಕದ ಗಟಾರದ ನೀರು ಅದೇ ಬಿರುಕಿನಿಂದ ಒಳಗೆ ಬರುತ್ತದೆ. ಅದರ ಮೇಲೆ ನಳಕ್ಕೆ ನೇರವಾಗಿ ಮೋಟಾರು ಹಚ್ಚಿ ಎಳೆಯುವ ರೂಢಿ. ಮೋಟಾರು ಎಳೆಯುವುದು ಪುರಸಭೆ ಬಿಟ್ಟ ನೀರನ್ನಷ್ಟೇ ಅಲ್ಲ, ಬಿರುಕಿನಾಚೆಯ ಹೊಲಸನ್ನೂ, ಮತ್ತು ಅದು ಇಡೀ ಓಣಿಗೆ ಹಂಚಿಹೋಗುತ್ತದೆ. ನೀರು ಬಿಟ್ಟ ಮೊದಲ ಹತ್ತು ನಿಮಿಷದ್ದನ್ನು ಬಳಸುವುದಕ್ಕೆ ಹಿಡಿಯಿರಿ, ಕುಡಿಯುವುದಕ್ಕೆ ಬೇಡ. ಸಂಪು ಶೌಚದ ಗುಂಡಿಯ ಪಕ್ಕದಲ್ಲಿದ್ದರೆ, ಅದರ ಗೋಡೆ ಬಿರುಕು ಬಿಟ್ಟಿದ್ದರೆ, ಪುರಸಭೆ ಎಷ್ಟು ಕ್ಲೋರಿನ್ ಹಾಕಿದರೂ ಪ್ರಯೋಜನವಿಲ್ಲ.

ರೋಗಾಣುವಿನ ವಿಷಯದಲ್ಲಿ ನಮ್ಮ ಹಿರಿಯರ ಅರಿವೆಯ ಸೋಸುವಿಕೆಯನ್ನು ನಾನು ಹಗುರಾಗಿ ನೋಡುವುದಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕುಡಿಯುವ ನೀರು ಸೋಸಿದಾಗ ಕಾಲರಾ ಹತ್ತಿರ ಹತ್ತಿರ ಅರ್ಧಕ್ಕಿಳಿದದ್ದನ್ನು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಣ್ಣ ಹುಳಗಳಿಗೆ ಅಂಟಿಕೊಂಡಿರುತ್ತದೆ. ಬಟ್ಟೆಯಲ್ಲಿ ಸಿಗುವುದು ಆ ಹುಳ. ತೊಳೆದು ತೊಳೆದು ಮೆತ್ತಗಾದ ಹತ್ತಿ ಬಟ್ಟೆಯ ಎಳೆ ಬಿಚ್ಚಿಕೊಂಡು ಕಿಂಡಿ ಸಣ್ಣದಾಗುವುದರಿಂದ ಹೊಸದಕ್ಕಿಂತ ಹಳೆಯದೇ ಮೇಲು. ನೇಕಾರರ ಜಿಲ್ಲೆಯಲ್ಲಿ ಹಳೆಯ ಹತ್ತಿ ಸೀರೆಗೆ ಬರವಿಲ್ಲ. ಆದರೆ ಬಟ್ಟೆಯಲ್ಲಿ ಸೋಸಿದ ನೀರನ್ನು ಕಾಯಿಸಿಯೇ ಕುಡಿಯಬೇಕು. ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾ, ವೈರಾಣುಗಳನ್ನು ಬಟ್ಟೆ ತಡೆಯಲಾರದು.

ಇದೇ ಬಟ್ಟೆ ಇನ್ನೊಂದು ರೋಗವನ್ನೂ ಹಿಮ್ಮೆಟ್ಟಿಸಿತು. ಉತ್ತರ ಕರ್ನಾಟಕದ ಅಜ್ಜ ಅಜ್ಜಿಯರಿಗೆ ನಾರುಹುಣ್ಣಿನ ನೆನಪಿದೆ. ಮೆಟ್ಟಿಲು ಬಾವಿಗೆ ಇಳಿದು ನೀರು ತರುವವರ ಕಾಲಿನಿಂದ ಮೊಳಕ್ಕಿಂತ ಉದ್ದದ ಹುಳ ಹೊರಬರುತ್ತಿದ್ದ ಕಾಲವದು. ಬಾವಿಗಳನ್ನು ಮುಚ್ಚಿ, ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿ, ಹಳ್ಳಿಹಳ್ಳಿಗೆ ಕೈಪಂಪು ಹಾಕಿ ಅದನ್ನು ಬೇರುಸಹಿತ ಕಿತ್ತರು. ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಸಾರಿತು. ಅದು ದೊಡ್ಡ ಸಾಧನೆಯೇ. ಜೊತೆಗೆ, ಮೇಲಿನ ಮಳೆನೀರು ಕುಡಿಯುತ್ತಿದ್ದ ಊರುಗಳು ಕಲ್ಲಿನಾಳದ ನೀರಿಗೆ ಹೊರಳಿದ್ದೂ ಆಗಲೇ. ಆ ನೀರಿನಲ್ಲಿ ಹುಳವಿರಲಿಲ್ಲ, ಮಣ್ಣಿರಲಿಲ್ಲ, ಕನ್ನಡಿಯಂತಿತ್ತು. ಗ್ರಾನೈಟಿನ ಸೀಮೆಗಳಲ್ಲಿ ಅದರೊಳಗೆ ಫ್ಲೋರೈಡ್ ಇತ್ತು.

ಫ್ಲೋರೈಡಿನ ಬಗ್ಗೆ ತುಸು ನಿಂತು ಹೇಳಬೇಕು, ಹುನಗುಂದ-ಇಳಕಲ್ ಭಾಗಕ್ಕೆ ಅದೇ ಮುಖ್ಯ. ಇನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ಅಲ್ಲಿನ ಗ್ರಾನೈಟು ಮತ್ತು ನೈಸ್ ಕಲ್ಲಿನಲ್ಲಿ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳಿವೆ; ಇವೆಲ್ಲವೂ ಫ್ಲೋರೈಡನ್ನು ಹೊತ್ತಿವೆ. ವರ್ಷಕ್ಕೆ 600 ಮಿಲಿಮೀಟರ್ ಕೂಡ ಮಳೆಯಾಗದ ಬಯಲುಸೀಮೆಯಲ್ಲಿ ಕೆಳಗಿನ ನೀರು ಬೇಗ ಬದಲಾಗುವುದಿಲ್ಲ, ಕಲ್ಲಿನೊಡನೆ ದೀರ್ಘಕಾಲ ಕೂಡಿರುತ್ತದೆ, ಕ್ಷಾರಗುಣ ಏರುತ್ತದೆ, ಫ್ಲೋರೈಡ್ ಬಿಡಿಸಿಕೊಂಡು ನೀರಿಗೆ ಬರುತ್ತದೆ. ನೆರೆಯ ಕುಷ್ಟಗಿ, ಮುಂಡರಗಿ ಕಡೆಯ ಕಥೆಯೂ ಇದೇ.

ಇದರಲ್ಲಿ ಬಹುಪಾಲು ಜನರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡಾಗಿ ತಳಕ್ಕೆ ಕೂರಿಸುತ್ತದೆ. ಅಂದರೆ ಬಾಗಲಕೋಟೆಯ ಸುಣ್ಣಕಲ್ಲು, ಡೋಲೊಮೈಟ್ ಕಲ್ಲಿನ ಗಡಸು ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಹೆಚ್ಚು ನಿಲ್ಲಲಾರದು. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟ್ ಹೆಚ್ಚು ಇರುವ ಮೆದು ನೀರಿನಲ್ಲಿ ಅದು ಸರಾಗವಾಗಿ ಏರುತ್ತದೆ. ನಮ್ಮ ಮನೆಗಳಲ್ಲಿ ನೀರಿಗೆ ಕೊಡುವ ತೀರ್ಪು ಇದಕ್ಕೆ ತದ್ವಿರುದ್ಧ. ಬ್ಯಾಳಿ ಬೇಯದಿದ್ದರೆ, ಸಾಬೂನು ನೊರೆ ಬಿಡದಿದ್ದರೆ, ಹಂಡೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟಿದರೆ ‘ಸವಳ ನೀರು, ಕುಡಿಯಾಕ ಬ್ಯಾಡ’ ಎನ್ನುತ್ತೇವೆ. ಸಾಬೂನು ನೊರೆಯುಕ್ಕಿಸುವ, ನಾಲಿಗೆಗೆ ಹಿತವಾದ ಬೋರಿನ ನೀರನ್ನು ‘ಸಿಹಿನೀರು’ ಎಂದು ಕೊಡ ತುಂಬಿಕೊಳ್ಳುತ್ತೇವೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವ ನೀರಿನಲ್ಲಿ ಇರುವಷ್ಟು ಪ್ರಮಾಣದಲ್ಲಿ ರುಚಿಯೂ ಇಲ್ಲ. ಗಡಸು ನೀರು ಪಾತ್ರೆಗೆ, ಗೀಸರಿಗೆ, ತಲೆಗೂದಲಿಗೆ ಕಾಟ ಕೊಡುತ್ತದೆ ನಿಜ. ಅದರಿಂದಲೇ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂಬ ಭಯಕ್ಕೆ ಮಾತ್ರ ಗಟ್ಟಿ ಆಧಾರವಿಲ್ಲ. ನಮ್ಮ ಬಿಸಿಲಿನಲ್ಲಿ ಸಾಕಷ್ಟು ನೀರು ಕುಡಿಯದಿರುವುದು ಅದಕ್ಕಿಂತ ದೊಡ್ಡ ಕಾರಣ.

ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಎನಾಮಲ್ ಕೆಡುತ್ತದೆ. ಮುಂದೆ ಹಲ್ಲು ಬಂದಾಗ ಸುಣ್ಣದ ಬಿಳಿ ಮಚ್ಚೆ, ಆಮೇಲೆ ಅಡ್ಡಡ್ಡ ಹಳದಿ, ಕಂದು ಪಟ್ಟೆ. ‘ಹಲ್ಲು ತಿಕ್ಕಂಗಿಲ್ಲ’ ಎಂದು ಆ ಮಗುವನ್ನು ಬೈಯುವುದು ಎಂಥ ಅನ್ಯಾಯ! ಬ್ರಷ್ಷಿಗೆ ಹೋಗುವ ಕಲೆ ಅದಲ್ಲ. ಇನ್ನೂ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೆ ಬರುತ್ತದೆ: ಕುತ್ತಿಗೆ, ನಡ, ಮೊಣಕಾಲು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಸೀಮೆಯ ರೈತರಲ್ಲಿ. ಎಲುಬಿಗೆ ಇಳಿದದ್ದನ್ನು ಹಿಂದಕ್ಕೆ ತರುವ ಔಷಧ ಇಂದಿಗೂ ಇಲ್ಲ. ನೀರು ಬದಲಿಸುವುದೊಂದೇ ದಾರಿ.

ಬೋರಿನ ನೀರಿನ ಇನ್ನೊಂದು ದೋಷ ನೈಟ್ರೇಟ್. ಇದು ಕಲ್ಲಿನಿಂದ ಬಂದದ್ದಲ್ಲ, ನಮ್ಮಿಂದ ಬಂದದ್ದು: ಹೊಲಕ್ಕೆ ಸುರಿದ ಯೂರಿಯಾ, ತಿಪ್ಪೆ, ದನದ ಕೊಟ್ಟಿಗೆ, ಶೌಚದ ಗುಂಡಿ. ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದರಲ್ಲಿ ಸಡಿಲಿಕೆ ಇಲ್ಲ. ಅದು ಮೀರಿದ ನೀರಿನಿಂದ ಬಾಟಲಿ ಹಾಲು ಕುಡಿಯುವ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಮನೆಗಳು ಒತ್ತೊತ್ತಾಗಿ, ಪ್ರತಿ ಮನೆಯ ಗುಂಡಿಯ ಪಕ್ಕವೇ ಬೋರಿರುವ ಹಳೆಯ ಪೇಟೆಗಳಲ್ಲಿ ಇದನ್ನು ನೋಡಿಸಲೇಬೇಕು.

ಬಾದಾಮಿಯ ಮರಳುಗಲ್ಲು ಬಹುತೇಕ ಶುದ್ಧ ಸ್ಫಟಿಕಶಿಲೆಯ ಕಣ. ಅದರಲ್ಲಿ ಕರಗುವಂಥದ್ದು ಕಡಿಮೆ, ಹಾಗಾಗಿ ಬರೀ ಆ ಕಲ್ಲಿನಿಂದ ಬಂದ ನೀರಿನಲ್ಲಿ ಲವಣವೂ ಕಡಿಮೆ. ಆದರೆ ತಾಲ್ಲೂಕಿನ ಎಲ್ಲ ಊರೂ ಮರಳುಗಲ್ಲಿನ ಮೇಲಿಲ್ಲ. ಮರಳುಗಲ್ಲಿನ ಹಾಸು ದಾಟಿ ಆಳಕ್ಕೆ ಹೋದ ಬೋರು ಕೆಳಗಿನ ಗ್ರಾನೈಟಿನ ನೀರನ್ನು ಎಳೆಯಬಹುದು. ಪಕ್ಕದ ಮನೆಯ ಬೋರ್ 200 ಅಡಿ, ನಿಮ್ಮದು 600 ಅಡಿ ಇದ್ದರೆ ಅವರ ವರದಿ ನಿಮಗೆ ಸಲ್ಲದು.

ಆದ್ದರಿಂದ ಮೊದಲ ಖರ್ಚು ಪರೀಕ್ಷೆಗೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಜನರೂ ನೀರು ಕೊಟ್ಟು ಪರೀಕ್ಷೆ ಮಾಡಿಸಬಹುದು. ಗ್ರಾಮ ಪಂಚಾಯಿತಿಗಳಲ್ಲಿ ಸ್ಥಳದಲ್ಲೇ ನೋಡುವ ಕಿಟ್ ಇರುತ್ತದೆ. ಆರು ಸಂಗತಿ ಕೇಳಿ: ಫ್ಲೋರೈಡ್, ನೈಟ್ರೇಟ್, ಗಡಸುತನ, ಒಟ್ಟು ಕರಗಿದ ಲವಣ (ಎಲ್ಲರೂ ಟಿಡಿಎಸ್ ಎನ್ನುವುದು ಇದನ್ನೇ), ಕಬ್ಬಿಣ, ಇ. ಕೊಲೈ. ಫ್ಲೋರೈಡಿಗೆ ಗಾಜಿನ ಬಾಟಲಿ ಬೇಡ, ಸ್ವಚ್ಛ ಪ್ಲಾಸ್ಟಿಕ್ ಒಳ್ಳೆಯದು. ಬೋರನ್ನು ಐದು ಹತ್ತು ನಿಮಿಷ ಓಡಿಸಿ, ಅದೇ ನೀರಿನಿಂದ ಬಾಟಲಿ ಎರಡು ಸಲ ತೊಳೆದು ಹಿಡಿಯಿರಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಮುಕ್ತ ಬಾಟಲಿ ಬೇಕು. ಅದನ್ನು ತೊಳೆಯಬಾರದು, ತಂಪಿನಲ್ಲಿಟ್ಟು ಅಂದೇ ತಲುಪಿಸಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮಾಡಿಸಿದರೆ ನೀರಿನ ಎರಡೂ ಮುಖ ತಿಳಿಯುತ್ತವೆ.

ಪೆನ್ನಿನಂಥ ಟಿಡಿಎಸ್ ಮೀಟರ್ ಹಿಡಿದು ಮನೆ ಬಾಗಿಲಿಗೆ ಬರುವವರ ಮಾತಿಗೆ ಬೆದರಬೇಡಿ. ಆ ಮೀಟರ್ ಅಳೆಯುವುದು ನೀರಿನಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬುದನ್ನು ಮಾತ್ರ. ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆ. ಲವಣ 800 ಇದ್ದೂ ಫ್ಲೋರೈಡ್ 0.5 ಇರಬಹುದು. 450 ಇದ್ದು ಫ್ಲೋರೈಡ್ 3 ಇರಬಹುದು. ಮಾನಕ 500ರೊಳಗಿದ್ದರೆ ಒಳ್ಳೆಯದು ಎನ್ನುತ್ತದೆ, ಬೇರೆ ದಾರಿಯಿಲ್ಲದಿದ್ದರೆ 2000ದವರೆಗೆ ಒಪ್ಪುತ್ತದೆ. ರೋಗಾಣು ಈ ಮೀಟರಿಗೆ ಕಾಣುವುದೇ ಇಲ್ಲ.

ಇನ್ನೊಂದು ಆಟವಿದೆ, ಅದನ್ನು ಮೋಸವೆಂದೇ ಕರೆಯುತ್ತೇನೆ. ಒಂದು ಗ್ಲಾಸಿನಲ್ಲಿ ನಿಮ್ಮ ನಳದ ನೀರು, ಇನ್ನೊಂದರಲ್ಲಿ ಯಂತ್ರದ ನೀರು ಇಟ್ಟು ಎರಡಕ್ಕೂ ಲೋಹದ ಕಡ್ಡಿಗಳಿರುವ ಸಾಧನ ಇಳಿಬಿಟ್ಟು ಕರೆಂಟ್ ಹರಿಸುತ್ತಾರೆ. ನಿಮ್ಮ ನೀರು ಕಂದು, ಹಸಿರು ರಾಡಿಯಾಗುತ್ತದೆ, ಯಂತ್ರದ್ದು ತಿಳಿಯಾಗಿಯೇ ಇರುತ್ತದೆ. ಮನೆಯವರು ಹೌಹಾರುತ್ತಾರೆ. ಆ ರಾಡಿ ನೀರಿನಲ್ಲಿದ್ದ ಹೊಲಸಲ್ಲ. ಕರೆಂಟಿಗೆ ಕಬ್ಬಿಣದ ಕಡ್ಡಿ ಸವೆದು ಬಂದ ತುಕ್ಕು. ಲವಣವಿರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಯಂತ್ರದ ನೀರಿಗೆ ಚಿಟಿಕೆ ಉಪ್ಪು ಹಾಕಿ ಅದೇ ಆಟ ಇನ್ನೊಮ್ಮೆ ತೋರಿಸಲು ಹೇಳಿ. ಅದೂ ರಾಡಿಯಾಗುತ್ತದೆ.

ವರದಿ ಕೈಗೆ ಬಂದ ಮೇಲೆ ಯಾವ ಉಪಾಯದಿಂದ ಏನು ಹೋಗುತ್ತದೆ ಎಂಬುದನ್ನು ನೋಡಬೇಕು. ಕಾಯಿಸುವುದು ರೋಗಾಣುವಿಗೆ ರಾಮಬಾಣ. ಕೊತಕೊತ ಕುದಿ ಬಂದು ಒಂದು ನಿಮಿಷ ಕುದ್ದರೆ ಸಾಕು. ಗಡಸುತನದಲ್ಲಿಯೂ ಒಂದು ಭಾಗ ಕುದಿಯುವಾಗ ಸುಣ್ಣವಾಗಿ ಪಾತ್ರೆಗೆ ಅಂಟುತ್ತದೆ. ಫ್ಲೋರೈಡ್, ನೈಟ್ರೇಟ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ಹೆಚ್ಚುತ್ತವೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ: ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಹತ್ತು ಲೀಟರ್ ನೀರು ಕುದ್ದು ಎಂಟಕ್ಕಿಳಿದರೆ ಅದು 2.5 ಆಗಿರುತ್ತದೆ. ‘ಕಾಸಿ ಆರಿಸಿದ ನೀರು ಕೊಡ್ರಿ’ ಎಂಬ ಸಲಹೆ ಹೊಳಿ ನೀರಿಗೆ ಸರಿ, ಇಳಕಲ್ಲಿನ ಬೋರಿನ ನೀರಿಗೆ ಸಾಲದು.

ಕ್ಯಾಂಡಲ್ ಫಿಲ್ಟರ್ ಮಣ್ಣು ತೆಗೆಯುತ್ತದೆ, ಬ್ಯಾಕ್ಟೀರಿಯಾದಲ್ಲಿ ಸ್ವಲ್ಪ ತಡೆಯುತ್ತದೆ. ಇದ್ದಿಲಿನ ಫಿಲ್ಟರ್ ವಾಸನೆ, ಕ್ಲೋರಿನ್, ಕೆಲವು ಸಾವಯವ ರಾಸಾಯನಿಕಗಳನ್ನು ಹೀರುತ್ತದೆ. ಯುಎಫ್ ಎಂಬ ಪೊರೆ ಬ್ಯಾಕ್ಟೀರಿಯಾವನ್ನು ಕರೆಂಟಿಲ್ಲದೆ ತಡೆಯುತ್ತದೆ, ಪದೇ ಪದೇ ಕರೆಂಟ್ ಹೋಗುವ ಊರಿಗೆ ಅನುಕೂಲ. ಯುವಿ ದೀಪ ರೋಗಾಣು ಕೊಲ್ಲುತ್ತದೆ, ನೀರು ತಿಳಿಯಾಗಿದ್ದರೆ ಮಾತ್ರ. ಶ್ರಾವಣದ ಕೆನ್ನೀರಿನಲ್ಲಿ ಮಣ್ಣಿನ ಕಣದ ಮರೆಗೆ ನಿಂತ ಬ್ಯಾಕ್ಟೀರಿಯಾವನ್ನು ಬೆಳಕು ಮುಟ್ಟದು. ಈ ನಾಲ್ಕರಲ್ಲಿ ಯಾವುದೂ ಫ್ಲೋರೈಡ್, ನೈಟ್ರೇಟ್, ಗಡಸುತನವನ್ನು ತೆಗೆಯುವುದಿಲ್ಲ. ವರ್ಷಪೂರ್ತಿ ಹೊಳಿ ನೀರೇ ಬರುವ ಮನೆಗೆ ಒಳ್ಳೆಯ ಕ್ಯಾಂಡಲ್ ಜೊತೆ ಕಾಯಿಸುವುದು, ಇಲ್ಲವೇ ಯುಎಫ್, ಯುವಿ ಸಾಕು. ಅಂಥ ಮನೆಗೆ ಲವಣ ತೆಗೆಯುವ ಆರ್‌ಒ ಯಂತ್ರ ಹಾಕಿಸುವುದು ಹಣವನ್ನೂ ನೀರನ್ನೂ ಪೋಲು ಮಾಡಿದಂತೆ.

ಪ್ರವಾಹದ ಹೊತ್ತಿನ ಮಾತೇ ಬೇರೆ. 2009ರಲ್ಲಿ, 2019ರಲ್ಲಿ ಮಲಪ್ರಭೆ ಉಕ್ಕಿದಾಗ ದಂಡೆಯ ಊರುಗಳ ಬಾವಿ, ಸಂಪು, ಬೋರಿನ ಬಾಯಿಗಳಿಗೆ ಹೊಲಸು ನೀರು ನುಗ್ಗಿತ್ತು. ಅಂಥ ಸಂಪನ್ನು ಖಾಲಿ ಮಾಡಿ, ತಿಕ್ಕಿ ತೊಳೆದು, ತಿಳಿನೀರು ತುಂಬಿದ ಮೇಲೆ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಬೇರೆ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿದು, ಒಂದು ತಾಸು ಬಿಡಬೇಕು. ಹಳೆಯ, ಮುದ್ದೆಗಟ್ಟಿದ ಪೌಡರಿನಲ್ಲಿ ಸತ್ವ ಉಳಿದಿರುವುದಿಲ್ಲ.

ಫ್ಲೋರೈಡಿಗೆ ಮನೆಯ ಮಟ್ಟದಲ್ಲಿ ಇರುವ ದಾರಿ ಕೆಲವೇ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಕ ಮತ್ತು ಸುಣ್ಣ ಬೆರೆಸಿ, ಕಲಕಿ, ತಳಕ್ಕೆ ಬಿಟ್ಟು ಮೇಲಿನ ನೀರು ತೆಗೆಯುತ್ತಾರೆ. ಫ್ಲೋರೈಡ್ ತಳದ ರಾಡಿಯೊಂದಿಗೆ ಹೋಗುತ್ತದೆ. ಸೋವಿಯೇ, ಆದರೆ ಪಟಕದ ಅಳತೆ ಫ್ಲೋರೈಡ್ ಎಷ್ಟಿದೆ, ಕ್ಷಾರ ಎಷ್ಟಿದೆ ಎಂಬುದರ ಮೇಲೆ ನಿಂತಿದೆ, ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಬಲ್ಲವರ ಲೆಕ್ಕವಿಲ್ಲದೆ ಕಣ್ಣಳತೆಯಲ್ಲಿ ಮಾಡಬಾರದು. ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಬಿಳಿ ಹರಳಿನ ಫಿಲ್ಟರ್ ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ. ಆ ಹರಳು ತುಂಬಿಹೋದ ದಿನ ನೀರಿನ ರುಚಿ, ಬಣ್ಣ ಏನೂ ಬದಲಾಗುವುದಿಲ್ಲ, ಫಿಲ್ಟರ್ ಸುಮ್ಮನೆ ಕೆಲಸ ನಿಲ್ಲಿಸುತ್ತದೆ. ಕ್ರಮವಾಗಿ ಪರೀಕ್ಷಿಸಿ ಹರಳನ್ನು ಪುನಶ್ಚೇತನ ಮಾಡುವ ವ್ಯವಸ್ಥೆ ಊರಿನಲ್ಲಿದ್ದರೆ ಮಾತ್ರ ಅದನ್ನು ನಂಬಬಹುದು.

ಉಳಿದದ್ದು ಆರ್‌ಒ. ಒತ್ತಡ ಹಾಕಿ ನೀರನ್ನು ಅತಿ ಸಣ್ಣ ರಂಧ್ರದ ಪೊರೆಯ ಮೂಲಕ ತಳ್ಳುತ್ತದೆ. ನೀರು ದಾಟುತ್ತದೆ, ಲವಣದಲ್ಲಿ ಹೆಚ್ಚಿನ ಪಾಲು ಹಿಂದುಳಿಯುತ್ತದೆ. ಪೊರೆ ಚೆನ್ನಾಗಿದ್ದರೆ ಫ್ಲೋರೈಡಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋಗುತ್ತದೆ. ಫ್ಲೋರೈಡ್ ಸೀಮೆಯಲ್ಲಿ ಇದನ್ನು ಕೊಳ್ಳುವವರು ಒಂದು ಗುಟ್ಟು ತಿಳಿದಿರಬೇಕು. ನೀರು ಸಪ್ಪೆ ಎನಿಸಬಾರದೆಂದು ಹಲವು ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇಟ್ಟಿರುತ್ತಾರೆ. ಅದು ಪೊರೆ ದಾಟದ ನೀರನ್ನು ದಾಟಿದ ನೀರಿಗೆ ಬೆರೆಸುತ್ತದೆ. ನಿಮ್ಮ ಬೋರಿನಲ್ಲಿ ಫ್ಲೋರೈಡ್ 3 ಇದ್ದು, ಮೂರರಲ್ಲಿ ಒಂದು ಪಾಲು ಹೀಗೆ ಬೆರೆತರೆ, ಲೋಟದಲ್ಲಿ ಮತ್ತೆ 1.1ರ ಮೇಲಾಯಿತು. ಸಾವಿರಾರು ರೂಪಾಯಿ ಕೊಟ್ಟು ತೆಗೆದ ವಿಷವನ್ನು ಒಂದು ತಿರುಪು ವಾಪಸು ತಂದಿತು. ಯಂತ್ರ ಕೂಡಿಸುವವರಿಗೆ ಆ ತಿರುಪನ್ನು ಪೂರ್ತಿ ಮುಚ್ಚಲು ಹೇಳಿ. ಖನಿಜದ ಚಿಂತೆ ಬೇಡ, ಮೊಸರು, ಸೊಪ್ಪು, ಕಾಳುಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಫ್ಲೋರೈಡ್ ಮೈಗೆ ಹತ್ತುವುದನ್ನೂ ಅವುಗಳಲ್ಲಿರುವ ಕ್ಯಾಲ್ಸಿಯಂ ತಗ್ಗಿಸುತ್ತದೆ.

ಟಿಡಿಎಸ್ ಮೀಟರಿಗೆ ನಿಜವಾದ ಕೆಲಸ ಇಲ್ಲಿದೆ. ಹೊಸ ಪೊರೆಯ ನೀರಿನ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳಿಗೊಮ್ಮೆ ನೋಡಿ. 40 ಇದ್ದದ್ದು 80, 120 ಎಂದು ಏರತೊಡಗಿದರೆ ಪೊರೆ ಸೋಲುತ್ತಿದೆ, ಫ್ಲೋರೈಡೂ ನುಸುಳುತ್ತಿದೆ ಎಂದರ್ಥ. ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೂ ಇದೇ ಪರೀಕ್ಷೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಎಷ್ಟೋ ಘಟಕಗಳು ಪೊರೆ ಬದಲಿಸುವವರಿಲ್ಲದೆ ಸೊರಗುತ್ತವೆ. ಊರಿನ ಯುವಕರು ಒಂದು ಮೀಟರ್ ಇಟ್ಟುಕೊಂಡು ಅಂಕಿಯನ್ನು ಘಟಕದ ಬಾಗಿಲಿಗೇ ಬರೆದರೆ ಉಸ್ತುವಾರಿಯವರು ಕೇಳಲೇಬೇಕಾಗುತ್ತದೆ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ ಕ್ಯಾನಿನ ಒಳಗೆ ಪಾಚಿ, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಕ್ಯಾನನ್ನು ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ, ಕೊಡದಿಂದ ನೀರು ತೆಗೆಯಲು ಹಿಡಿಕೆಯಿರುವ ಸೌಟು ಇಡಿ, ತಂಬಿಗೆ ಹಿಡಿದ ಕೈ ನೀರಿಗೆ ಅದ್ದದಿರಲಿ.

ಯಂತ್ರ ಒಂದು ಲೀಟರ್ ಕೊಡುವಾಗ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಅದರಲ್ಲಿ ಲವಣ ಇನ್ನಷ್ಟು ಸಾಂದ್ರವಾಗಿರುತ್ತದೆ. ನೆಲ ಒರೆಸಲು, ಶೌಚಕ್ಕೆ, ಅಂಗಳಕ್ಕೆ ಬಳಸಿ. ಇಂಗುಗುಂಡಿಗೆ, ಬೋರಿನ ಬುಡಕ್ಕೆ ಬಿಡಬೇಡಿ, ದನಕ್ಕೂ ಕುಡಿಸಬೇಡಿ. ದನದ ಹಲ್ಲು, ಎಲುಬಿಗೂ ಫ್ಲೋರೈಡ್ ಅಷ್ಟೇ ಕಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಹೆಚ್ಚು ನಂಬಿಕೆಯಿರುವುದು ಯಂತ್ರವಿಲ್ಲದ ದಾರಿಯ ಮೇಲೆ. ಮಳೆನೀರಿಗೆ ಕಲ್ಲಿನ ಸಂಗವೇ ಆಗಿಲ್ಲ; ಅದರಲ್ಲಿ ಫ್ಲೋರೈಡಿಲ್ಲ, ಗಡಸಿಲ್ಲ. ಬೆಟ್ಟದ ಮೈಮೇಲೆ ಬಿದ್ದ ಮಳೆಯನ್ನು ಬುಡದ ಅಗಸ್ತ್ಯ ತೀರ್ಥವೆಂಬ ಕೆರೆಯಲ್ಲಿ ನಿಲ್ಲಿಸಿದ ಊರು ಬಾದಾಮಿ. ಆ ಕೆರೆಯ ನೀರು ಈಗ ಕುಡಿಯುವಂತಿಲ್ಲ, ಮಳೆ ಹಿಡಿದಿಡುವ ಲೆಕ್ಕ ಮಾತ್ರ ಇಂದಿಗೂ ಸರಿ. 100 ಚದರ ಮೀಟರ್ ಆರ್‌ಸಿಸಿ ಚಾವಣಿಯ ಮೇಲೆ 550 ಮಿಲಿಮೀಟರ್ ಮಳೆ ಎಂದರೆ 55 ಸಾವಿರ ಲೀಟರ್. ಕಾಲುಭಾಗ ಸೋರಿಹೋಯಿತೆಂದರೂ 40 ಸಾವಿರ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ ಬೇಕಾದದ್ದು 9 ಸಾವಿರ ಚಿಲ್ಲರೆ. ಮಳೆಯಿಲ್ಲದ ಆರು ತಿಂಗಳು ದಾಟಿಸಲು 5000 ಲೀಟರಿನ ಬಿಗಿಯಾದ ತೊಟ್ಟಿ ಸಾಕು. ಮುಂಗಾರಿನ ಮೊದಲ ಎರಡು ಮೂರು ಮಳೆಯನ್ನು ಹೊರಗೆ ಬಿಡಬೇಕು, ಚಾವಣಿ ಗುಡಿಸಬೇಕು, ಮರಳು ಇದ್ದಿಲಿನ ಡ್ರಮ್ಮಿನಲ್ಲಿ ಸೋಸಿ ಒಳಗೆ ಬಿಡಬೇಕು, ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಬೇಕು. ಕುಡಿಯುವ ಮೊದಲು ಕಾಯಿಸಿದರೆ ಆಯಿತು. ಮಣ್ಣಿನ ಮಾಳಿಗೆ ಮನೆಯಲ್ಲಿ ಇದು ಕಷ್ಟ, ಅಂಥವರು ಓಣಿಯ ಶಾಲೆಯ ಇಲ್ಲವೇ ಗುಡಿಯ ಚಾವಣಿಯನ್ನು ಕೂಡಿ ಬಳಸಬಹುದು.

ಮನೆಯಲ್ಲಿ ಒಳ್ಳೆಯ ನೀರು ಒಂದೇ ಕೊಡದಷ್ಟು ಸಿಗುವ ದಿನಗಳಲ್ಲಿ ಅದು ಮೊದಲು ಬಸುರಿಯರಿಗೆ, ಬಾಣಂತಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರಾದೀತು. ಫ್ಲೋರೈಡ್ ಚರ್ಮದಿಂದ ಒಳಗೆ ಹೋಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಬೋರಿನ ನೀರು ಇಟ್ಟುಕೊಂಡಿರುವುದನ್ನು ಕಂಡಿದ್ದೇನೆ. ಅನ್ನ ಹೀರಿಕೊಳ್ಳುವ ನೀರು, ಬ್ಯಾಳಿ ಕುದಿಯುವ ನೀರು, ರೊಟ್ಟಿ ಹಿಟ್ಟಿಗೆ ಹಾಕುವ ಎಸರು, ದಿನಕ್ಕೆ ಮೂರು ನಾಲ್ಕು ಸಲದ ಚಹಾ, ಇವೆಲ್ಲವೂ ಹೊಟ್ಟೆಗೇ ಹೋಗುತ್ತವೆ. ಚಹಾದ ಎಲೆಯಲ್ಲಂತೂ ತನ್ನದೇ ಫ್ಲೋರೈಡ್ ಇದೆ. ಅಡುಗೆಯ ಕೊಡವನ್ನೂ ಕುಡಿಯುವ ನೀರಿನಿಂದಲೇ ತುಂಬಿಸಿ.